ಹೆಸರುಕಾಯಿ ಹರವಿದ ಹಾಯಿ

ನಮ್ಮ ದೊಡ್ಡಪ್ಪನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಅನ್ನುತ್ತಾರೆ. ಅನ್ನುವವರು ಅನ್ನಲಿ.

ಎಂಬತ್ತರ ದಶಕದಲ್ಲಿ ನಮ್ಮ ಮನೆ ಎಂದರೆ ಒಂದು ಸಣ್ಣ ಹಾಯಿದೋಣಿ. ಬಯಲುಸೀಮೆಯ ತಿರ್ಲಾಪುರದ ಒಕ್ಕಲು ಮನೆತನದಲ್ಲಿ ಹುಟ್ಟಿದ ಅಪ್ಪ ತನ್ನ ಪಾಲಿನ ಹೊಲವನ್ನು ಅಣ್ಣನಿಗೆ ಬಿಟ್ಟು, ಕರಾವಳಿಗೆ ಹೋಗಿ, ಹಳೆಯದೊಂದು ದೋಣಿ ಹಿಡಿದು ಕುಮಟೆಗೂ ಕಾರವಾರಕ್ಕೂ ಹಂಚು, ತೆಂಗಿನಕಾಯಿ ಸಾಗಿಸುತ್ತಿದ್ದ. ಅವ್ವ, ನಾನು, ತಮ್ಮ ಅದರಲ್ಲೇ ಉಂಡು ಅದರಲ್ಲೇ ಮಲಗುತ್ತಿದ್ದೆವು. ಹಿಂಬದಿಯಲ್ಲಿ ತೆಂಗಿನ ಗರಿಯ ಮಾಡಿನ ಕೆಳಗೆ ಅಡುಗೆ. ಅಲೆ ಎದ್ದ ದಿನ ನಾನು ಸ್ಟೋವನ್ನು ಇಕ್ಕಳದಿಂದ ಬಿಗಿಯಾಗಿ ಹಿಡಿದು ಕೂರಬೇಕು, ಅವ್ವ ರೊಟ್ಟಿ ಬಡಿಯಬೇಕು.

ಮಳೆಗಾಲ ಬಂತೆಂದರೆ ದೋಣಿಯನ್ನು ದಂಡೆಗೆಳೆದು ಊರಿಗೆ ಬರುತ್ತಿದ್ದೆವು. ಹಾಯಿಯನ್ನು ಅಲ್ಲೇ ಬಿಟ್ಟರೆ ಇಲಿ ಕಡಿಯುತ್ತವೆಂದು ಸುತ್ತಿ, ಹುಬ್ಬಳ್ಳಿ ಬಸ್ಸಿನ ನೆತ್ತಿಗೆ ಹಾಕಿಸಿ ತರುತ್ತಿದ್ದೆವು. ದೊಡ್ಡವ್ವ ನಮ್ಮನ್ನು ಅಂಗಳದಲ್ಲೇ ನಿಲ್ಲಿಸಿ, ತಲೆ ಮೂಸಿ, ಮೀನು ಗೀನು ತಿಂದಿಲ್ಲ ತಾನೆ ಎಂದು ಕೇಳಿ, ಮೈ ತೊಳೆಸಿ, ವಿಭೂತಿ ಬಳಿದ ಮೇಲೆಯೇ ಒಳಗೆ ಬಿಡುವಳು. ಅವ್ವ ಇಡೀ ಮಳೆಗಾಲ ಆ ಮನೆಯ ಸೆಗಣಿ ಬಾಚಿ, ಹೊಲದ ಕಳೆ ತೆಗೆದು ಸಾಯುತ್ತಿದ್ದಳು. ಅಲ್ಲಿ ಒಂದು ತುತ್ತೂ ಪುಕ್ಕಟೆ ಸಿಗುತ್ತಿರಲಿಲ್ಲ.

ನೂಲ ಹುಣ್ಣಿಮೆಗೆ ಕರಾವಳಿಯವರು ಸಮುದ್ರಕ್ಕೆ ತೆಂಗಿನಕಾಯಿ ಬಿಟ್ಟು ದೋಣಿ ಇಳಿಸುತ್ತಾರೆ. ಆಗ ನಾವೂ ಹೊರಡಬೇಕು. ಆ ವರ್ಷ ಪಂಚಮಿಗೆ ತವರಿಗೆ ಹೋಗಿದ್ದ ಅವ್ವ ನಮ್ಮಿಬ್ಬರೊಂದಿಗೆ ತಿರುಗಿ ಬಂದಳು. ಅಂಗಳದಲ್ಲಿ ನಮ್ಮ ಹಾಯಿ ಹಾಸಿತ್ತು, ಅದರ ಮೇಲೆ ಹೆಸರುಕಾಯಿ ಹರವಿತ್ತು. ಪೂರ್ತಿ ಹಾಯಿಯಲ್ಲ, ಒಂದು ತುಂಡು. ಇನ್ನೊಂದನ್ನು ಬಂಡಿಗೆ ಹೊದಿಸಿದ್ದರು, ಮತ್ತೊಂದು ದನದ ಕೊಟ್ಟಿಗೆಯ ಬಾಗಿಲಲ್ಲಿ ನೇತಾಡುತ್ತಿತ್ತು. ದೊಡ್ಡಪ್ಪ ಕುಡುಗೋಲಿನಿಂದ ಕೊಯ್ದು ಪಾಲು ಮಾಡಿದ್ದ.

ಬೇಕೆಂದೇ ಮಾಡಿರಲಿಲ್ಲ. ಅವನ ಕಣ್ಣಿಗೆ ದಪ್ಪ ಬಟ್ಟೆ ಎಂದರೆ ಕಾಳು ಹರವಲಿಕ್ಕೇ ಹುಟ್ಟಿದ್ದು. ಸುಮ್ಮನೆ ಬಿದ್ದಿತ್ತು, ರಾಶಿಗೆ ಬೇಕಾಯಿತು ಎಂದ. ಒಬ್ಬರ ಮನೆಯ ಜಂತಿ ಕಡಿದು ಒಲೆಗಿಟ್ಟು, ಕಟ್ಟಿಗೆ ಕಟ್ಟಿಗೆಯೇ ಅಲ್ಲವೇ ಎಂದರೆ ಹೇಗೆ? ಅದಕ್ಕಿಂತ ಹೊಟ್ಟೆ ಉರಿದದ್ದು, ಕೊಯ್ಯುವಾಗ ಅಪ್ಪ ಅಲ್ಲೇ ಕಟ್ಟೆಯ ಮೇಲೆ ಕೂತಿದ್ದ ಎಂದು ಗೊತ್ತಾದಾಗ. ಯಾಕೆ ಸುಮ್ಮನಿದ್ದೆ ಎಂದು ಅವ್ವ ಕೇಳಿದರೆ, ಅಣ್ಣನದೂ ತಪ್ಪಲ್ಲ, ನಿನ್ನದೂ ತಪ್ಪಲ್ಲ ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟ. ಹೊಸ ಹಾಯಿ ಕೊಳ್ಳುವ ತಾಕತ್ತು ನಮಗಿರಲಿಲ್ಲ. ಹಾಯಿ ಇಲ್ಲದಿದ್ದರೆ ದೋಣಿ ಇಲ್ಲ. ದೋಣಿ ಇಲ್ಲದಿದ್ದರೆ ಅವ್ವ ಸಾಯುವವರೆಗೂ ಆ ಮನೆಯ ಸೆಗಣಿ ಬಾಚುತ್ತಿರಬೇಕು.

ಮೋಡ ಕವಿದಿತ್ತು. ಅವ್ವ ಬಟ್ಟೆಯ ಎರಡು ತುದಿ ಹಿಡಿದು ಜಗ್ಗಿದಳು. ಹೆಸರುಕಾಯಿ ಎಲ್ಲಾ ಕೆಸರಿಗೆ ಬಿತ್ತು. ಬಂಡಿಯ ಮೇಲಿನದನ್ನೂ ಕೊಟ್ಟಿಗೆಯದನ್ನೂ ಕಿತ್ತುಕೊಂಡಳು. ಅಷ್ಟರಲ್ಲಿ ಮಳೆ ಬಿತ್ತು. ದೊಡ್ಡವ್ವ ಬುಟ್ಟಿ ತಂದು ಕಾಯಿ ಬಾಚತೊಡಗಿದಳು. ಅಪ್ಪನೂ ಓಡಿ ಬಂದು ಮೊಣಕಾಲೂರಿ ಬಾಚಿದ.

"ಮುಂದಿನ ಮಳಿಗಾಲಕ್ಕ ಈ ಹೊಸ್ತಿಲಾ ತುಳೀಬ್ಯಾಡ್ರಿ," ಎಂದ ದೊಡ್ಡಪ್ಪ.

ಭಾವನ ಎದುರು ತಲೆಯ ಸೆರಗು ಸರಿಸದ, ಒಂದು ದಿನವೂ ಬಾಯಿ ಬಿಡದ ಅವ್ವ ಅವತ್ತು ನೇರವಾಗಿ ನಿಂತಳು.

"ತುಳ್ಯಾಂಗಿಲ್ರಿ ಭಾವಾರ. ನಮ್ಮ ಮನಿ ಕೊಯ್ದವರ ಮನ್ಯಾಗ ನಾವ್ಯಾಕ ಇರೂನ್ರಿ?"

ಅವತ್ತೇ ಬಸ್ಸು ಹತ್ತಿದೆವು. ಹುಬ್ಬಳ್ಳಿ ಬಂದಾಗ ಅಪ್ಪ ಸಿಟ್ಟಿನಿಂದ ಅವ್ವನ ಕಡೆ ತಿರುಗಿದ. "ಕಾಳ ಚೆಲ್ಲಿದಿ," ಎಂದ. "ಮಣ್ಣಾಗ ಚೆಲ್ಲಿದಿ."

ದಂಡೆಯ ಮೇಲೆ ಕೂತು ಅವ್ವ ದಬ್ಬಣದಿಂದ ಹಾಯಿಯನ್ನು ಮತ್ತೆ ಹೊಲಿದಳು. ಬೆರಳು ಬಾತವು. ಹೊಲಿಗೆ ಸೊಟ್ಟಗಿತ್ತು, ಆದರೂ ಗಾಳಿ ಹಿಡಿಯಿತು. ಅಪ್ಪ ಚುಕ್ಕಾಣಿ ಹಿಡಿದು ಕೂತ. ಹೊಲ ಬಿಟ್ಟು ಬಂದಿದ್ದನೇ ಹೊರತು ಹೊಲ ಅವನನ್ನು ಬಿಟ್ಟಿರಲಿಲ್ಲ. ದೀಪಾವಳಿ ಕಳೆಯುವವರೆಗೂ ಅವ್ವನೊಡನೆ ಮಾತು ಬಿಟ್ಟಿದ್ದ. ಉಪ್ಪು ಬೇಕಾದರೂ, ನೀರು ಬೇಕಾದರೂ ನನ್ನನ್ನು ಕರೆದು "ನಿಮ್ಮವ್ವಗ ಹೇಳು" ಅನ್ನುತ್ತಿದ್ದ. ಅವಳು ಅವನಿಂದ ಒಂದು ಮಾರು ದೂರದಲ್ಲಿ ರೊಟ್ಟಿ ಬಡಿಯುತ್ತ ಕೂತಿರುತ್ತಿದ್ದಳು.