ತಿರುಗಿ ಬಂದ ಎಡಗಾಲಿನ ಚಪ್ಪಲಿ

ಊರಿಗೆಲ್ಲ ಚಪ್ಪಲಿ ಹೊಲಿಯುವ ನನ್ನ ಚಿಕ್ಕಪ್ಪ ತಾನು ಮಾತ್ರ ಬರಿಗಾಲಲ್ಲೇ ಓಡಾಡುತ್ತಿದ್ದ. "ಅಂಗಡಿಯಿಂದ ಮನೆಗೆ ನಾಲ್ಕು ಹೆಜ್ಜೆ, ನನಗ್ಯಾಕೆ?" ಎನ್ನುತ್ತಿದ್ದ. ಚಿಕ್ಕಮ್ಮನಿಗೆ ಮಾತ್ರ ವರ್ಷಕ್ಕೊಂದು ಜೊತೆ ಬೇಕೇ ಬೇಕು. ಕಾಲು ಹೊರಗೆ ವಾಲಿಸಿ ನಡೆಯುವ ಅವಳು ಅಟ್ಟೆಯ ಹೊರ ಅಂಚನ್ನಷ್ಟೇ ಸವೆಸುತ್ತಿದ್ದಳು.

ನಮ್ಮ ಜಲಸಂಧಿಯ ನೀರು ಗಾಳಿ ಹೇಳಿದಂತೆ ಕೇಳುತ್ತದೆ. ತೆಂಕಣ ಗಾಳಿಯ ಕಾಲದಲ್ಲಿ ಇಲ್ಲಿ ಬಿದ್ದ ಕಡ್ಡಿಯೂ ಬಡಗಲಿಗೆ ಹೋಗುತ್ತದೆ. ಬಡಗಣ ಗಾಳಿ ಎದ್ದರೆ ನೀರೂ ತಿರುಗಿ, ಹೋದದ್ದನ್ನು ನಮ್ಮ ದಕ್ಕೆಗೆ ತಂದೊಗೆಯುತ್ತದೆ. ಅಲ್ಲಿ ಕೂತು ದೋಣಿಗೆ ಟಿಕೆಟ್ ಕೊಡುವವಳು ನಾನು.

ಒಂದು ತೆಂಕಣ ಗಾಳಿಯಲ್ಲಿ ಚಿಕ್ಕಮ್ಮ ಹೊಸ ಚಪ್ಪಲಿ ಮೆಟ್ಟಿ ಬಡಗಲ ಊರಿನ ಅಕ್ಕನ ಮನೆಗೆ ಹೊರಟಳು. ದೋಣಿ ನಡುನೀರಲ್ಲಿ ಮಗುಚಿತು. ಉಳಿದವರೆಲ್ಲ ಸಿಕ್ಕರು, ಸತ್ತವರೂ ಬದುಕಿದವರೂ. ಅವಳೊಬ್ಬಳು ಸಿಗಲಿಲ್ಲ. ಚಿಕ್ಕಪ್ಪ ಆ ಊರಿನ ಒಂದೊಂದು ಬಾಗಿಲೂ ತಟ್ಟಿ ಬಂದ, ಕಂಡವರಿಲ್ಲ.

ಗಾಳಿ ತಿರುಗಿದ ಮೇಲೆ ಅವಳ ಎಡಗಾಲಿನ ಚಪ್ಪಲಿ ದಕ್ಕೆಯ ಮೆಟ್ಟಿಲಿಗೆ ಬಂತು. ಅಳುತ್ತಲೇ ಅವನ ಕೈಗಿತ್ತೆ. ಅವನು ಅಳಲಿಲ್ಲ. ಮಗುಚಿ ನೋಡಿ, "ಇದನ್ನ ಹಾಕ್ಕೊಂಡು ತುಂಬಾ ನಡೆದಿದ್ದಾಳೆ" ಅಂದ.

"ಮನೆಯಿಂದ ದಕ್ಕೆಗೆ ಬಂದಿದ್ದಷ್ಟೇ ಅಲ್ವಾ ಚಿಕ್ಕಪ್ಪ? ನೀರಲ್ಲಿ ಸವೆದಿರುತ್ತೆ."

"ನೀರು ಸವೆಸಿದ್ರೆ ಸುತ್ತಲೂ ಸವೆಸುತ್ತೆ ಕಣೇ. ಇದು ಹೊರ ಅಂಚು ಮಾತ್ರ. ಬಲಗಾಲಿಂದು ಅವಳ ಹತ್ರಾನೇ ಇದೆ. ಒಂದರಲ್ಲೇ ಹೇಗೆ ನಡೀತಾಳೆ ಪಾಪ?"

"ನಿಂಗೆ ತಲೆ ಕೆಟ್ಟಿದೆ" ಅಂದುಬಿಟ್ಟೆ. ಎಲುಬಿಲ್ಲದ ನಾಲಿಗೆ ನನ್ನದು. ಅವನು ಅದೇ ಅಳತೆಗೆ ಎಡಗಾಲಿನದೊಂದು ಹೊಸದಾಗಿ ಹೊಲಿದ. ತೆಂಕಣ ಗಾಳಿ ಎದ್ದ ದಿನ, ಟಿಕೆಟ್ಟಿಗೆ ನಿಂತವರ ಎದುರಿಗೇ, ಅದನ್ನು ನೀರಿಗೆ ಬಿಟ್ಟ. ಬೆಂಡಿನ ಅಟ್ಟೆ ತೇಲುತ್ತಾ ಬಡಗಲಿಗೆ ಹೋಯಿತು. ಜನ ನಕ್ಕರು. ನಾನೂ ನಕ್ಕೆ.

ಬಡಗಣ ಗಾಳಿಯಲ್ಲಿ ಅದೂ ವಾಪಸು ಬಂತು. ಹೊರ ಅಂಚು ಸವೆದು ಹಾಳೆಯಷ್ಟು ತೆಳ್ಳಗಾಗಿತ್ತು. ಮೇಲೆ ಕಾಲಿನ ಐದು ಬೆರಳು ಒತ್ತಿದ ಗುರುತು. ಅದನ್ನು ಅವನಿಗೆ ಕೊಡಬಾರದಿತ್ತು, ಕೊಟ್ಟೆ.

ನಿನ್ನೆ ಅಂಗಡಿಗೆ ಹೋದಾಗ ಚಿಕ್ಕಪ್ಪ ಒಂದು ಜೊತೆ ಹೊಲಿಯುತ್ತಿದ್ದ. ಬೆಂಡಿನ ಅಟ್ಟೆಯಲ್ಲ, ದಪ್ಪ ಚರ್ಮ. ಗಂಡಸಿನ ಅಳತೆ.

"ಯಾರದು ಚಿಕ್ಕಪ್ಪ?"

"ನಂದೇ ಕಣೇ." ದಾರವನ್ನು ಹಲ್ಲಲ್ಲಿ ಕಚ್ಚಿ ಎಳೆದ. "ಅಲ್ಲಿ ನಡೆಯೋದು ತುಂಬಾ ಇದೆ ಅಂತ ಕಾಣುತ್ತೆ."

ಇವತ್ತು ಬೆಳಿಗ್ಗೆ ತೆಂಕಣ ಗಾಳಿ ಎದ್ದು ದಕ್ಕೆಯ ಬಾವುಟ ಬಡಗಲಿಗೆ ತಿರುಗಿದೆ. ಟಿಕೆಟ್ ಕಿಟಕಿ ಮುಚ್ಚಿ ಬಂದು ಮೆಟ್ಟಿಲಿಗೆ ಅಡ್ಡ ಕೂತಿದ್ದೇನೆ. ಇರುವ ಒಬ್ಬ ಚಿಕ್ಕಪ್ಪನನ್ನೂ ಈ ನೀರಿಗೆ ಕೊಡಲಾರೆ. ಹಿಂದೆ ರಸ್ತೆಯಲ್ಲಿ ಹೊಸ ಚಪ್ಪಲಿಯ ಸದ್ದು ಕೇಳುತ್ತಿದೆ.