ಮೊದಲು ಎಲುಬು ಬಿಟ್ಟು ನೋಡಿ

ನಮ್ಮ ಎಕ್ಸ್-ರೇ ಮೇಡಮ್ಮರ ಬಲ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ಯಾವ ಕಾಲದಲ್ಲೋ ಫಿಲ್ಮಿನ ಪೆಟ್ಟಿಗೆ ಮುಚ್ಚುವಾಗ ಸಿಕ್ಕಿಕೊಂಡಿತಂತೆ. ಆಮೇಲೆ ಅದು ಎರಡು ಹೋಳಾಗಿಯೇ ಬೆಳೆಯಿತು. ದೀಪ ಉರಿಯುವ ಬಿಳಿ ಗಾಜಿಗೆ ಫಿಲ್ಮು ಸಿಕ್ಕಿಸಿ, ಮೂಲೆಯಲ್ಲಿದ್ದ ರೋಗಿಯ ಹೆಸರನ್ನು ಅವರು ಅದೇ ಬೆರಳಿನಿಂದ ಮುಚ್ಚುತ್ತಿದ್ದರು. ಬೆಳಕು ಹಾಯ್ದು ಬೆರಳಿನ ಅಂಚು ಕೆಂಪಗಾಗುತ್ತಿತ್ತು. ಹೆಸರು, ವಯಸ್ಸು ಓದಿಬಿಟ್ಟರೆ ಊಹೆ ಮುಂದೆ ಓಡಿ ಕಣ್ಣು ಹಿಂದೆ ಉಳಿಯುತ್ತದೆ ಎನ್ನುವುದು ಅವರ ನಂಬಿಕೆ.

ಎರಡು ಸಾವಿರದ ಹತ್ತರ ಆಸುಪಾಸು. ಫಿಜಿಯೊಥೆರಪಿ ಮುಗಿಸಿದ ನಾವು ಕೆಲವರು ನಾಸಿಕದಲ್ಲಿ ಕೈರೊಪ್ರಾಕ್ಟಿಕ್ ಕಲಿಯುತ್ತಿದ್ದೆವು, ಅಂದರೆ ಬೆನ್ನಿನ ಕೀಲುಗಳನ್ನು ಬರಿಗೈಯಿಂದ ಒತ್ತಿ, ತಿರುವಿ ಸಡಿಲಿಸುವ ವಿದ್ಯೆ. ಎಲುಬಿನ ಚಿತ್ರ ಓದಲು ಕಲಿಸುತ್ತಿದ್ದವರು ಮೇಡಮ್. ಪಾಠ ಮಧ್ಯಾಹ್ನ ಊಟದ ಮೇಲೆ, ಪರದೆ ಎಳೆದ ಕೋಣೆಯಲ್ಲಿ. ಇದು ನಿದ್ದೆಗೆ ಚಾಪೆ ಹಾಸಿಕೊಟ್ಟ ಹಾಗೆಯೇ. ಫ್ಯಾನು ತಿರುಗುತ್ತಿತ್ತು, ಬಿಳಿ ಬೆಳಕಿನಲ್ಲಿ ಯಾರದೋ ಭುಜ, ಯಾರದೋ ಮೊಣಕಾಲು ತೇಲುತ್ತಿದ್ದವು. ಪಾಠ ಮುಗಿಸಿ ಗೋದಾವರಿಯ ದಂಡೆಗೆ ಹೋದರೆ ಮೀಯುವವರ, ಬಟ್ಟೆ ಒಗೆಯುವವರ ಒಳಗಿನ ಎಲುಬುಗಳೆಲ್ಲ ನನಗೆ ಮೆಲ್ಲಗೆ ಅಲುಗುವಂತೆ ಕಾಣುತ್ತಿದ್ದವು. ಆ ದಿನಗಳಲ್ಲಿ ನಾನು ಪೂರ್ತಿ ಎಚ್ಚರವಾಗಿದ್ದೆನೋ ಇಲ್ಲವೋ ಈಗಲೂ ಹೇಳಲಾರೆ.

"ಆಧೀ ಹಾಡ್ ಸೋಡೂನ್ ಬಘಾ," ಎನ್ನುತ್ತಿದ್ದರು ಮರಾಠಿಯಲ್ಲಿ. ಮೊದಲು ಎಲುಬು ಬಿಟ್ಟು ನೋಡಿ. ಬಾಯಿಮಾತಿಗಲ್ಲ; ಕಪ್ಪು ಕಾಗದದ ಪಟ್ಟಿ ಕತ್ತರಿಸಿ ಎಲುಬಿನ ಮೇಲೆ ಅಂಟಿಸಿಯೇ ಬಿಡುತ್ತಿದ್ದರು. ಸುತ್ತಲಿನ ಮಾಂಸದ ನೆರಳನ್ನು ಪೂರ್ತಿ ವರ್ಣಿಸಿದ ಮೇಲೆಯೇ ಪಟ್ಟಿ ಏಳುತ್ತಿತ್ತು. ಮದುವೆಗೆ ಹೋಗಿ ಮದುಮಕ್ಕಳನ್ನು ನೋಡಬೇಡಿ ಎಂದಂತಾಯಿತಲ್ಲ ಎಂದು ನಾವು ಬೆನ್ನ ಹಿಂದೆ ನಗುತ್ತಿದ್ದೆವು. ಮಣಿಗಳಂಥ ಬೆನ್ನೆಲುಬುಗಳನ್ನು ಎಣಿಸುವಾಗ ಮಾತ್ರ ಅವರ ತುಟಿ ಬೇರೆ ಭಾಷೆಯಲ್ಲಿ ಅಲುಗುತ್ತಿತ್ತು. ಮುಂದಿನ ಸಾಲಿನಲ್ಲಿ ಕೂರುತ್ತಿದ್ದ ನನಗೆ ಅದು ಕೇಳಿಸಿತ್ತು: ಒಂದು, ಎರಡು, ಮೂರು. ಬೀದರಿನ ಮಗಳು, ನಾಸಿಕದ ಸೊಸೆ ಎಂದು ಆಮೇಲೆ ತಿಳಿಯಿತು. ಆದರೆ ನನ್ನೊಡನೆ ಒಂದು ದಿನವೂ ಕನ್ನಡ ಆಡಿರಲಿಲ್ಲ.

ನಮ್ಮ ಮನೆ ಆಗ ಇಂದಿನ ಸಂಭಾಜಿನಗರದಲ್ಲಿ. ಕಲಬುರಗಿ ಕಡೆಯ ನನ್ನ ಅಪ್ಪ ಬ್ಯಾಂಕಿನ ವರ್ಗಾವಣೆಯಲ್ಲಿ ಅಲ್ಲಿಗೆ ಬಂದವರು. ಅವ್ವನಿಗೆ ತಿಂಗಳುಗಟ್ಟಲೆ ಬೆನ್ನುನೋವು. ಎಕ್ಸ್-ರೇ ತೆಗೆಸಿದಾಗ ಅಲ್ಲಿಯ ಡಾಕ್ಟರು ವಯಸ್ಸಿನ ಸವೆತ ಎಂದಿದ್ದರು. ರಜೆಗೆ ಹೋದಾಗ ಅವ್ವ ನನ್ನ ಮುಂದೆ ಬೋರಲು ಮಲಗಿಯೇ ಬಿಟ್ಟಳು.

"ಇಷ್ಟು ಓದಿ ಏನು ಬಂತವ್ವಾ? ಒಂದ್ಸಲ ನೆಟಿಕಿ ತಗದುಬಿಡು."

"ಮೇಡಮ್ ಫಿಲ್ಮ್ ನೋಡೂತನಕ ಕೈ ಹಚ್ಚಂಗಿಲ್ಲವ್ವ."

"ನಿಮ್ಮ ಮೇಡಮ್ ನೋಡ್ಕೋತ ಕೂಡ್ಲಿ. ಸೋಮವಾರ ನಾ ವೈಜಾಪುರಕ್ಕ ಹೋಗೇ ಹೋಗ್ತೀನಿ."

ವೈಜಾಪುರದಲ್ಲಿ ಬೆನ್ನು ತಿರುವಿ ಕೂರಿಸುವ ನಾಟಿ ವೈದ್ಯರೊಬ್ಬರಿದ್ದರು. ಪಕ್ಕದ ಮನೆಯ ಮರಾಠಿ ಮಾವಶಿ ಜೊತೆಗೆ ಹೋಗುವುದೆಂದು ನಿಶ್ಚಯವಾಗಿತ್ತು. ನಾನು ಫಿಲ್ಮು ಹಿಡಿದು ನಾಸಿಕಕ್ಕೆ ಮರಳಿದೆ.

ಸೋಮವಾರ ಅದನ್ನು, ಯಾರದೆಂದು ಹೇಳದೆ, ಉಳಿದ ಫಿಲ್ಮುಗಳ ನಡುವೆ ಇಟ್ಟೆ. ಮೇಡಮ್ ಎಂದಿನಂತೆ ಹೆಸರು ಮುಚ್ಚಿದರು, ಪಟ್ಟಿ ಅಂಟಿಸಿದರು, ವರ್ಣಿಸಲು ನನಗೇ ಹೇಳಿದರು. ಪಟ್ಟಿಯ ಎರಡೂ ಬದಿಗೆ, ಶ್ವಾಸಕೋಶದ ಕಪ್ಪಿನ ಮೇಲೆ, ಕದಿರಿಗೆ ಸುತ್ತಿದ ನೂಲಿನಂತೆ ಉಬ್ಬಿದ ಒಂದು ನೆರಳು. ಇರಬಾರದಿತ್ತು. ಹೇಳುತ್ತ ಹೇಳುತ್ತ ನನ್ನ ದನಿ ಇಳಿಯಿತು. ಮೇಡಮ್ ಪಟ್ಟಿ ಎತ್ತಿದರು. ಎರಡು ಮಣಿಗಳ ನಡುವಿನ ಸಂದು ಮುಚ್ಚಿಹೋಗಿ ಅಂಚು ಕರಗಿತ್ತು.

"ಇದು ಸವೆತವಲ್ಲ. ಬೆನ್ನೆಲುಬಿನ ಕ್ಷಯ ಇದ್ದೀತು, ಬಗಲಿನ ಈ ನೆರಳು ಕೀವು. ಇಂಥ ಬೆನ್ನನ್ನು ತಿರುವಿದರೆ ಕಾಲಿನ ಬಲವೇ ಹೋದೀತು," ಎಂದು ಅವರು ಮರಾಠಿಯಲ್ಲಿ ತಣ್ಣಗೆ ತರಗತಿಗೆ ಹೇಳಿದರು. ನಾನು ಅಳುವುದನ್ನು ಕಂಡು ಹೆಬ್ಬೆರಳು ಸರಿಸಿ ಹೆಸರು ಓದಿದರು.

"ನಿಮ್ಮ ಅವ್ವನವರದೇನ್ರಿ?" ಎಂದರು ಕನ್ನಡದಲ್ಲಿ. ಹೌದೆಂದೆ, ಇವತ್ತೇ ಬೆನ್ನು ತಿರುವಿಸಿಕೊಳ್ಳಲು ವೈಜಾಪುರಕ್ಕೆ ಹೊರಟಿದ್ದಾಳೆಂದೆ. "ಏಳ್ರಿ, ಮೊದಲ ಫೋನ್ ಮಾಡ್ರಿ. ಅಳೂದು ಆಮ್ಯಾಲ."

ಅಪ್ಪನಿಗೆ ಫೋನ್ ಮಾಡಿದೆ; ಅವ್ವ ಆಗಲೇ ಬಸ್ಸು ಹತ್ತಿದ್ದಳು. ಅವಳ ಹತ್ತಿರವಾಗಲಿ ಮಾವಶಿಯ ಹತ್ತಿರವಾಗಲಿ ಮೊಬೈಲು ಇರಲಿಲ್ಲ. ಅಪ್ಪ ತಮ್ಮ ಬ್ಯಾಂಕಿನ ವೈಜಾಪುರ ಶಾಖೆಗೆ ಫೋನ್ ಮಾಡಿದರು; ಅಲ್ಲಿಯ ಕ್ಯಾಶಿಯರ್ ನಮ್ಮ ಕಡೆಯವರೇ. ಅವರು ಕೌಂಟರನ್ನು ಬೇರೆಯವರಿಗೆ ಒಪ್ಪಿಸಿ ಸ್ಕೂಟರ್ ಹತ್ತಿದರು.

ನಾನು ಕಾದೆ. ಮೇಡಮ್ ಉಳಿದವರನ್ನು ಕಳಿಸಿ ನನ್ನ ಪಕ್ಕದಲ್ಲಿ ಕೂತರು. ಕೋಣೆಯಲ್ಲಿ ಅವ್ವನ ಬೆನ್ನೆಲುಬೊಂದೇ ಬೆಳಗುತ್ತಿತ್ತು. ಅವರು ಮೆಲ್ಲಗೆ, ಕನಸಿನಲ್ಲಿ ಆಡುವವರಂತೆ ಮಾತಾಡಿದರು: "ನಮ್ಮವ್ವ ಹೋದಮ್ಯಾಲ ಕನ್ನಡ ಮಾತಾಡ್ಲಿಕ್ಕ ಯಾರೂ ಉಳೀಲಿಲ್ಲರಿ. ಎಣಿಸೂದರಾಗಷ್ಟ ಉಳದದ. ನಿಮ್ಮ ಜೋಡಿ ಆಡಿದ್ರ ನಿಮ್ಮ ಮ್ಯಾಲ ಮಾಯಾ ಮಮತಾ ಬಂದೀತು, ತಪ್ಪು ಹೇಳಿದ್ರ ಬಯ್ಯಾಕ ಆಗಂಗಿಲ್ಲ ಅಂತ ಸುಮ್ಮನಿದ್ದೆ." ಆ ಕತ್ತಲೆ ಎಷ್ಟು ಹೊತ್ತು ಇತ್ತೋ ನನಗೆ ನೆನಪಿಲ್ಲ. ಅವರ ಕೈ ನನ್ನ ಬೆನ್ನ ಮೇಲಿತ್ತು.

ಆಮೇಲೆ ಫೋನ್ ಬಂತು. ಅವ್ವ ಚಾಪೆಯ ಮೇಲೆ ಬೋರಲು ಮಲಗಿ, ವೈದ್ಯರು ಕೈಗೆ ಎಣ್ಣೆ ಹಚ್ಚಿಕೊಂಡಿದ್ದಾಗ ಕ್ಯಾಶಿಯರ್ ಬಾಗಿಲಲ್ಲಿ ನಿಂತು, "ವೈನೀ, ಹಂಗ ಇರ್ರಿ! ಯಾರೂ ಮುಟ್ಟಬ್ಯಾಡ್ರಿ!" ಎಂದು ಕೂಗಿದರಂತೆ. ಇಷ್ಟು ಹೊತ್ತು ಕಾದು ಬಂದ ಪಾಳಿ ಹೋಯಿತೆಂದು ಅವ್ವ ಅವರಿಗೇ ಬೈದಳಂತೆ.

ಕ್ಷಯವೇ ಆಗಿತ್ತು. ವರ್ಷ ದಾಟಿದರೂ ಮಾತ್ರೆ ನಡೆದವು, ನಡುಪಟ್ಟಿ ಬಿಗಿಯಿತು, ಅವ್ವನ ಬಾಯಿಯೂ ಬಿಡುವಿಲ್ಲದೆ ನಡೆಯಿತು. ಗುಣವಾದ ಮೇಲೆ ಮೇಡಮ್ಮರನ್ನು ಕಾಣಬೇಕೆಂದು ಹಟ ಹಿಡಿದಳು. "ಅಷ್ಟು ದೂರ ಬಸ್ಸಿನ್ಯಾಗ ಬೆನ್ನು ಕುಲಕಸ್ಕೋತ ಬರೂದು ಬ್ಯಾಡಂತ ಹೇಳ್ರಿ," ಎಂದು ಮೇಡಮ್ ಪ್ರತಿಸಲವೂ ತಡೆದರು. ತಡೆಯುತ್ತಲೇ ಒಂದು ಚಳಿಗಾಲ ಅವರೇ ತೀರಿಹೋದರು.

ಸುದ್ದಿ ಬಂದಾಗ ಅವ್ವ ರೊಟ್ಟಿ ಬಡಿಯುತ್ತಿದ್ದಳು. "ಮಾರಿ ಸುದ್ದಾ ನೋಡಲಿಲ್ಲಲ್ಲವಾ," ಎಂದಳು. ಅವರೂ ಅವ್ವನ ಮುಖ ನೋಡಿರಲಿಲ್ಲ, ಬೆನ್ನೊಂದನ್ನೇ ನೋಡಿದ್ದರು. ಅವ್ವ ಒಲೆ ಆರಿಸಿ, ನಾಸಿಕ ಯಾವ ದಿಕ್ಕಿಗೆ ಎಂದು ಕೇಳಿದಳು. ತೋರಿಸಿದೆ. ಅತ್ತ ತಿರುಗಿ ಮೊಣಕಾಲೂರಿ, ಬಾಗಿ, ನೆಲಕ್ಕೆ ಹಣೆ ಹಚ್ಚಿದಳು. ಎಬ್ಬಿಸಲು ಕೈ ಚಾಚಿದೆ. ಬೇಡವೆಂದು ತಲೆಯಾಡಿಸಿ, ತಾನೇ ಎದ್ದು ನಿಂತಳು.