ಹೆಬ್ಬೇವಿನ ತೊಲೆ ಸಪ್ಪಳ ಮಾಡಿದ ವರ್ಷ

ನಾನು ಕಟ್ಟಿಗೆಯ ಬಗ್ಗೆ ಓದಿದವಳು. ಬಳ್ಳಾರಿಯಲ್ಲಿ ಹೀಗೆ ಹೇಳಿದರೆ ಜನ ಒಂದು ಗಳಿಗೆ ಮುಖ ನೋಡುತ್ತಾರೆ. ಸುತ್ತ ಅದಿರಿನ ಗುಡ್ಡ, ರಸ್ತೆ ತುಂಬ ಕಂಬಿ ಹೊತ್ತ ಲಾರಿ. ಇಂಥ ಊರಲ್ಲಿ ಕೂತು ಕಟ್ಟಿಗೆಯಿಂದ ಚಾವಣಿ ಕಟ್ಟುವುದು ಹೇಗೆಂದು ಸಂಶೋಧನೆ ಮಾಡುತ್ತೇನೆ ಅಂದರೆ ನಗು ಬರುವುದು ಸಹಜ. ನಮ್ಮ ಅಪ್ಪನೂ ನಕ್ಕಿದ್ದರು. ಕಚೇರಿಯಲ್ಲಿ ಗುಮಾಸ್ತರಾಗಿ ನಿವೃತ್ತರಾದವರು, ಕಂಟೋನ್ಮೆಂಟಿನಲ್ಲಿ ಆರ್‌ಸಿಸಿ ಮನೆ ಕಟ್ಟಿಸಿದ್ದೇ ತಮ್ಮ ಜೀವನದ ದೊಡ್ಡ ಕೆಲಸ ಅಂದುಕೊಂಡವರು. "ನಮ್ಮಪ್ಪನ ಕಾಲದಾಗ ಕಟ್ಟಿಗಿ ಮಾಳಿಗಿ ಕೆಳಗ ಹೆದರಿಕೊಂತ ಮಲಗ್ತಿದ್ವಿ. ನೀ ಮತ್ತ ಅಲ್ಲಿಗೇ ಹೊಂಟಿ ಏನವ್ವಾ?" ಅಂದಿದ್ದರು.

ಆ ಹೆದರಿಕೆ ನನಗೂ ಗೊತ್ತಿತ್ತು. ಕುರುಗೋಡಿನ ನಮ್ಮ ಅಜ್ಜಿಯ ಮನೆ ಮಣ್ಣಿನ ಮಾಳಿಗೆಯದು. ಅಡ್ಡ ತೊಲೆ, ಮೇಲೆ ಜಂತಿ, ಅದರ ಮೇಲೆ ಮೊಳ ದಪ್ಪದ ಮಣ್ಣು. ನಾನು ಚಿಕ್ಕವಳಿದ್ದಾಗ ಒಂದು ಮಳೆಗಾಲದಲ್ಲಿ ಜಡಿಮಳೆ ಹಿಡಿದು ಪಕ್ಕದ ಮನೆಯ ಮಾಳಿಗೆ ಹಾಡಹಗಲೇ ಕೂತುಬಿಟ್ಟಿತು. ಮನೆಯವರೆಲ್ಲ ಹೊರಗೆ ಓಡಿ ಬಂದಿದ್ದರು, ಒಳಗೆ ಕಟ್ಟಿದ್ದ ಕರು ಮಾತ್ರ ಉಳಿಯಲಿಲ್ಲ. ಬೀಳುವ ಮುಂಚೆ ತೊಲೆ ಸಪ್ಪಳ ಮಾಡಿತು, ಅದಕ್ಕೇ ಬದುಕಿಕೊಂಡೆವು ಎಂದು ಆ ಮನೆಯ ಹೆಂಗಸು ಎಲ್ಲರ ಮುಂದೆಯೂ ಹೇಳುತ್ತಿದ್ದಳು. ಅಂದಿನಿಂದ ಯಾವ ಮನೆಯೊಳಗೆ ಹೋದರೂ ನಾನು ಮೊದಲು ಮೇಲೆ ನೋಡುತ್ತೇನೆ. ಬೀಳದ ತೊಲೆ ಮಾಡುವುದು ಹೇಗೆಂದು ಕಲಿತರೆ ಹೆದರಿಕೆ ಹೋದೀತು ಅನ್ನಿಸಿದ್ದಿರಬೇಕು. ಕಲಿತಷ್ಟೂ ಬೀಳುವ ಬಗೆಗಳು ಇನ್ನಷ್ಟು ಗೊತ್ತಾದವು, ಅಷ್ಟೇ.

ನನ್ನ ಕೆಲಸ ಇದು. ಕುರುಗೋಡಿನ ಸುತ್ತ ರೈತರು ಹೊಲದ ಬದುವಿನಲ್ಲಿ ಹೆಬ್ಬೇವು ಬೆಳೆಸುತ್ತಾರೆ. ಕೆಲವೇ ವರ್ಷಗಳಲ್ಲಿ ಕಟಾವಿಗೆ ಬರುವ ಮರ, ಹಗುರ, ಸಣ್ಣ ಸುತ್ತಳತೆಯದು. ಇಡಿಯಾಗಿ ತೊಲೆಗೆ ಬಾರದು. ಅದನ್ನು ತೆಳು ಹಲಗೆಗಳಾಗಿ ಸೀಳಿ, ಒಣಗಿಸಿ, ಒಂದರ ಮೇಲೊಂದು ಅಂಟಿಸಿ, ಬಿಗಿಯಾಗಿ ಒತ್ತಿಟ್ಟರೆ ದೊಡ್ಡ ತೊಲೆಯಾಗುತ್ತದೆ. ಕಾಡಿನ ಹಳೆಯ ಮರ ಕಡಿಯಬೇಕಿಲ್ಲ, ಸಿಮೆಂಟಿಗೆ ಸುಡುವಷ್ಟು ಕಲ್ಲಿದ್ದಲು ಬೇಕಿಲ್ಲ. ಪ್ರಯೋಗಶಾಲೆಯಲ್ಲಿ ಇದನ್ನು ಸಾಕಷ್ಟು ಮಾಡಿ, ಮುರಿದು, ನೋಡಿದ್ದೆ. ನಿಜವಾದ ಕಟ್ಟಡವೊಂದು ಬೇಕು ಎಂದು ನನ್ನ ಮಾರ್ಗದರ್ಶಕರು ಹೇಳುತ್ತಿದ್ದರು. ವಯಸ್ಸಾದ ಪ್ರೊಫೆಸರು, ನನ್ನನ್ನು ಈ ವಿಷಯಕ್ಕೆ ಹಚ್ಚಿದವರೇ ಅವರು.

ಕಟ್ಟಡ ಸಿಕ್ಕಿದ್ದು ಸಿರುಗುಪ್ಪದಿಂದ ಕರೂರಿನ ಕಡೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ. ಅಲ್ಲಿನ ಹೆಂಗಸರ ಸಂಘದವರಿಗೆ, ಭತ್ತದ ನಾಟಿಗೆ ಹೋಗುವಾಗ ಚಿಕ್ಕ ಮಕ್ಕಳನ್ನು ಬಿಟ್ಟುಹೋಗಲು ಒಂದು ಪಡಸಾಲೆ ಬೇಕಿತ್ತು. ಗೋಡೆ ಅವರು ಎಬ್ಬಿಸಿಕೊಂಡರು, ಚಾವಣಿ ನಾವು ಹೊತ್ತುಕೊಂಡೆವು. ತೊಲೆಗಳನ್ನು ಕೌಲ್ ಬಜಾರಿನ ಒಂದು ಬಡಗಿ ಕಾರ್ಖಾನೆಯಲ್ಲಿ ಮಾಡಿಸಿದೆವು. ಬಿರುಬೇಸಿಗೆ. ಕಾರ್ಖಾನೆಯ ತಗಡಿನ ಕೆಳಗೆ ನಿಂತರೆ ತಲೆ ಸುಡುತ್ತಿತ್ತು. ಮಳೆಗಾಲಕ್ಕೆ ಮುಂಚೆ ತೊಲೆ ಏರಿಸಿ ಹೆಂಚು ಹೊದಿಸಿದೆವು. ಕಾಲುವೆಗೆ ನೀರು ಬಿಟ್ಟರು, ನಾಟಿ ಶುರುವಾಯಿತು, ಮಕ್ಕಳು ಬಂದರು. ಪ್ರೊಫೆಸರು ಸಂಶೋಧನಾ ಲೇಖನ ಬರೆಯಲು ಕೂತರು.

ಆಮೇಲೆ ಒಂದು ಬೆಳಿಗ್ಗೆ ಮಕ್ಕಳನ್ನು ನೋಡಿಕೊಳ್ಳುವ ಆಯಾ ಫೋನ್ ಮಾಡಿದಳು. ನನಗಿಂತ ದೊಡ್ಡವಳು, ಅಕ್ಕಾ ಅನ್ನುತ್ತಿದ್ದೆ.

"ಮೇಡಮ್ಮಾರೆ, ತೊಲಿ ಸಪ್ಪಳ ಮಾಡಾಕತ್ತೈತ್ರಿ."

"ಎಂಥಾ ಸಪ್ಪಳ ಅಕ್ಕಾ?"

"ಬೆರಳು ನೆಟಿಗಿ ತಗದಂಗ. ಒಮ್ಮಿ ಟಕ್ ಅಂತೈತಿ, ಆಮ್ಯಾಲೆ ಸುಮ್ಮನಾಗತೈತಿ. ಮಕ್ಕಳು ನಗತಾವ. ನನಗ ನಗು ಬರಂಗಿಲ್ಲ."

ನಾನು ಪಾಠ ಮಾಡುವ ಕಾಲೇಜಿನಲ್ಲಿ ಆ ದಿನದ ಕ್ಲಾಸು ಬೇರೆಯವರಿಗೆ ಒಪ್ಪಿಸಿ ಸಿರುಗುಪ್ಪದ ಬಸ್ ಹಿಡಿದೆ. ಬಸ್ಸಿನಲ್ಲಿ ಕೂತು ಲೆಕ್ಕಗಳನ್ನೆಲ್ಲ ಮನಸ್ಸಿನಲ್ಲೇ ಮತ್ತೆ ಮಾಡಿದೆ. ಎಲ್ಲ ಸರಿಯಾಗಿಯೇ ಇದ್ದವು.

ಪಡಸಾಲೆಯಲ್ಲಿ ಮಕ್ಕಳು ಚಾಪೆಯ ಮೇಲೆ ಕೂತು ಉಪ್ಪಿಟ್ಟು ತಿನ್ನುತ್ತಿದ್ದವು. ಏಣಿ ಹಾಕಿಸಿ ಒಂದೊಂದೇ ತೊಲೆ ನೋಡುತ್ತಾ ಬಂದೆ. ನಡುವಿನ ತೊಲೆಯ ತುದಿಯಲ್ಲಿ, ಗೋಡೆಗೆ ಹತ್ತಿರ, ಎರಡು ಹಲಗೆ ಕೂಡುವ ಕಡೆ ಕೂದಲೆಳೆಯಷ್ಟು ಗೆರೆ ಬಿಟ್ಟಿತ್ತು. ಉಗುರು ಇಟ್ಟರೆ ಹೋಗುತ್ತಿರಲಿಲ್ಲ. ಕಾಗದದ ಅಂಚು ಇಟ್ಟೆ, ಸ್ವಲ್ಪ ಒಳಗೆ ಹೋಯಿತು. ಏಣಿಯ ಮೇಲೆ ನಿಂತಿದ್ದಾಗಲೇ ಇನ್ನೊಮ್ಮೆ ಟಕ್ ಎಂದಿತು. ಕೆಳಗೆ ಮಕ್ಕಳು ಕೇಕೆ ಹಾಕಿದವು.

ಅಲ್ಲಿಂದಲೇ ಪ್ರೊಫೆಸರಿಗೆ ಫೋನ್ ಮಾಡಿದೆ.

"ಕಟ್ಟಿಗಿ ಅಂದಮ್ಯಾಲೆ ಸಪ್ಪಳ ಮಾಡತೈತಮ್ಮ," ಅಂದರು ಅವರು ಸಮಾಧಾನವಾಗಿ. "ಮಳಿ ಬಂದ್ರ ಉಬ್ಬತೈತಿ, ಬಿಸಿಲು ಬಿದ್ರ ಕುಗ್ಗತೈತಿ. ಹೊಸಾದು, ಹೊಂದಿಕೊಳ್ಳಾಕ ಟೈಮ್ ಬೇಕು. ತುದ್ಯಾಗ ಸಣ್ಣ ಬಿರುಕು ಎಲ್ಲಾ ತೊಲಿಗೂ ಬರತೈತಿ. ನಿಮಗ ಗೊತ್ತಿಲ್ಲೇನು?"

ಗೊತ್ತಿತ್ತು. ಮರ ಸೀಳುವ ಬಿರುಕು ಬೇರೆ, ಅಂಟು ಬಿಡುವ ಬಿರುಕು ಬೇರೆ ಎನ್ನುವುದೂ ಗೊತ್ತಿತ್ತು. ಇದು ಯಾವುದು ಎನ್ನುವುದು ಮಾತ್ರ ಹೊರಗಿನಿಂದ ನೋಡಿ ಹೇಳುವಂತಿರಲಿಲ್ಲ. ಆಯಾಗೆ ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗಲು ಹೇಳಿದೆ. ಸಂಜೆ ಗದ್ದೆಯಿಂದ ಬಂದ ಹೆಂಗಸರಿಗೆ, ಪರೀಕ್ಷೆ ಆಗುವವರೆಗೆ ಒಳಗೆ ಯಾರೂ ಹೋಗಬಾರದು ಎಂದೆ. ನನ್ನ ಕೈಯಾರೆ ಬಾಗಿಲಿಗೆ ಬೀಗ ಹಾಕಿದೆ.

"ನಾಟಿ ನಡದೈತಿ. ಮಕ್ಕಳನ್ನ ಎಲ್ಲಿ ಬಿಡೋಣ್ರಿ?" ಎಂದು ಒಬ್ಬಳು ಕೇಳಿದಳು. ಎಳೆಯ ವಯಸ್ಸಿನ ಗಟ್ಟಿ ಹೆಂಗಸು, ಸೊಂಟದಲ್ಲಿ ಎರಡು ವರ್ಷದ ಮಗಳು.

"ಒಂದು ವಾರ ತಡೀರಿ," ಅಂದೆ.

"ಗದ್ದಿ ತಡಿಯಂಗಿಲ್ರಿ," ಅಂದಳು. ಅಷ್ಟೇ ಅಂದು ಹೋದಳು.

ಬಳ್ಳಾರಿಗೆ ವಾಪಸ್ ಬಂದು ಪರೀಕ್ಷೆಗೆ ಬೇಕಾದ ಸಾಮಾನು ಹೊಂದಿಸುತ್ತಿದ್ದೆ. ಎರಡನೆಯ ದಿನ ಮಧ್ಯಾಹ್ನ ಮತ್ತೆ ಆಯಾಳ ಫೋನ್. ಈ ಸಲ ದನಿಯೇ ಬೇರೆ. ಮಕ್ಕಳನ್ನು ತಾಯಂದಿರು ಗದ್ದೆಗೆ ಕರೆದೊಯ್ದಿದ್ದರು. ಬದುವಿನ ಮೇಲೆ ಆಡುತ್ತಿದ್ದ ಆ ಎರಡು ವರ್ಷದ ಹೆಣ್ಣುಮಗು ಕಾಲುವೆಗೆ ಜಾರಿತ್ತು. ಸಣ್ಣ ಕಾಲುವೆಯೇ, ಆದರೆ ಮಗುವಿಗೆ ಸಾಕಾಗುವಷ್ಟು ನೀರು. ಸ್ವಲ್ಪ ದೂರ ತೇಲಿಹೋದದ್ದನ್ನು ಕಂಡು ತಾಯಿಯೇ ಹಾರಿ ಎತ್ತಿಕೊಂಡಿದ್ದಳು. ನೀರು ಕಕ್ಕಿಸಿ ಸಿರುಗುಪ್ಪದ ಆಸ್ಪತ್ರೆಗೆ ಒಯ್ದಿದ್ದರು.

"ಉಸಿರಾಡಾಕತ್ತೈತ್ರಿ. ಡಾಕ್ಟರು ನೋಡಾಕತ್ಯಾರ," ಅಂದಳು ಆಯಾ.

ಆಸ್ಪತ್ರೆ ತಲುಪುವವರೆಗೆ ನಾನು ಏನು ಯೋಚಿಸಿದೆನೋ ನೆನಪಿಲ್ಲ. ಬಸ್ಸಿನ ಮುಂದಿನ ಸೀಟಿನ ಕಂಬಿಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ ಇಳಿಯುವಾಗ ಬೆರಳು ನೆಟ್ಟಗಾಗಲಿಲ್ಲ. ಮಗು ಮಂಚದ ಮೇಲೆ ಕೂತು ಬಿಸ್ಕತ್ತು ಚೀಪುತ್ತಿತ್ತು. ಕಣ್ಣು ಕೆಂಪಾಗಿದ್ದವು. ತಾಯಿಯ ಸೀರೆ ಇನ್ನೂ ಹಸಿಯಾಗಿತ್ತು, ಮೊಣಕಾಲವರೆಗೆ ಕೆಸರು.

"ತೊಲಿ ಬಿದ್ದಿತ್ತೇನ್ರಿ?" ಎಂದು ಕೇಳಿದಳು.

"ಇಲ್ಲವ್ವಾ."

"ಬೀಳತಿತ್ತೇನು?"

"ಗೊತ್ತಿಲ್ಲ," ಅಂದೆ.

ಅವಳು ಮಗುವಿನ ತಲೆ ಒರೆಸುತ್ತಾ ಗೋಡೆಯ ಕಡೆ ತಿರುಗಿಕೊಂಡಳು. ನಾನು ಹೊರಗೆ ಬಂದು ಆಸ್ಪತ್ರೆಯ ಕಟ್ಟೆಯ ಮೇಲೆ ಕೂತೆ. ಅಲ್ಲಿಯವರೆಗೆ ನನಗೆ ಒಂದೇ ಹೆದರಿಕೆ ಇತ್ತು, ಚಾವಣಿಯದು. ಈಗ ನನ್ನ ಹೆದರಿಕೆಯೇ ಮಕ್ಕಳನ್ನು ನೀರಿನ ಹತ್ತಿರ ಕಳಿಸಿತ್ತು. ಬಾಗಿಲು ತೆಗೆದರೂ ಭಯ, ಹಾಕಿದರೂ ಭಯ. ಎಷ್ಟು ಓದಿದ್ದರೂ ಇವೆರಡನ್ನು ತಕ್ಕಡಿಯಲ್ಲಿ ಇಟ್ಟು ತೂಗುವುದನ್ನು ನನಗೆ ಯಾರೂ ಕಲಿಸಿರಲಿಲ್ಲ.

ಮರುದಿನ ಕಾಲೇಜಿಗೆ ರಜೆ ಹಾಕಿ ಹಳ್ಳಿಗೇ ಹೋಗಿ ಉಳಿದುಕೊಂಡೆ. ಬೇವಿನ ಮರದ ಕೆಳಗೆ ನೆರಳಿಗೆ ತಾಡಪಲ್ ಕಟ್ಟಿಸಿದೆ. ಆಯಾ ಮತ್ತು ನಾನು ಇಬ್ಬರೂ ಮಕ್ಕಳನ್ನು ಕಾಯುತ್ತಾ ಕೂತೆವು. ಮಳೆ ಬಂದರೆ ಮಕ್ಕಳನ್ನು ಪಕ್ಕದ ಮನೆಯ ಕಟ್ಟೆಗೆ ಎಬ್ಬಿಸಿಕೊಂಡು ಹೋಗಬೇಕು. ಕಾಲುವೆಯ ಕಡೆ ಯಾವ ಮಗು ನಡೆದರೂ ಎದ್ದು ಓಡುತ್ತಿದ್ದೆ. ಮಕ್ಕಳ ತಲೆ ಎಣಿಸುವುದು ರೂಢಿಯಾಯಿತು, ಎಣಿಸಿ ಮುಗಿಸಿದ ಕೂಡಲೇ ಮತ್ತೆ ಮೊದಲಿನಿಂದ ಎಣಿಸುತ್ತಿದ್ದೆ. ಆಯಾ ನೋಡಿ ನೋಡಿ, "ಮೇಡಮ್ಮಾರೆ, ಹಿಂಗ ಎಣಿಸಿದ್ರ ಮಕ್ಕಳಿಗೂ ಹೆದರಿಕಿ ಬರತೈತಿ. ಸ್ವಲ್ಪ ನಗ್ರಿ," ಅಂದಳು.

ಪರೀಕ್ಷೆಯ ದಿನ ಪ್ರೊಫೆಸರೂ ಬಂದರು. ಕೌಲ್ ಬಜಾರಿನ ಬಡಗಿ ಮೇಸ್ತ್ರಿ ತನ್ನ ಜನರೊಂದಿಗೆ ಬಂದ. ತೊಲೆಯಿಂದ ಹಗ್ಗ ಇಳಿಬಿಟ್ಟು ಹಲಗೆ ತೂಗುಹಾಕಿ, ಅದರ ಮೇಲೆ ಉಸುಕಿನ ಚೀಲ ಒಂದೊಂದಾಗಿ ಹೇರಿದೆವು. ಚಾವಣಿ ತನ್ನ ಆಯುಷ್ಯದಲ್ಲಿ ಹೊರಬೇಕಾಗಬಹುದಾದ ಭಾರಕ್ಕಿಂತ ಬಹಳ ಹೆಚ್ಚು. ಊರವರು ದೂರ ನಿಂತು ನೋಡುತ್ತಿದ್ದರು. ತೊಲೆ ಬಾಗಿತು, ಬಾಗಬೇಕಾದಷ್ಟೇ. ಮರುದಿನದವರೆಗೆ ಹಾಗೇ ಬಿಟ್ಟು ಭಾರ ಇಳಿಸಿದಾಗ ಮತ್ತೆ ನೆಟ್ಟಗಾಯಿತು. ಒಂದು ಸಪ್ಪಳವೂ ಬರಲಿಲ್ಲ.

ಹೆಂಗಸರು ಸಮಾಧಾನದಿಂದ ಮಾತಾಡತೊಡಗಿದರು. ಪ್ರೊಫೆಸರು ಕೈಯ ಧೂಳು ಕೊಡವಿಕೊಂಡು, "ಮುಗೀತಲ್ಲ? ಬಾಗಿಲು ತೆಗಸ್ರಿ," ಅಂದರು.

ನಾನು ಬೀಗದ ಕೈ ಹಿಡಿದು ನಿಂತೇ ಇದ್ದೆ. ಒಂದು ದಿನದ ಭಾರ ತಡೆಯುವುದು ಬೇರೆ. ವರ್ಷಗಟ್ಟಲೆ ತೇವ, ಬಿಸಿಲು, ಮತ್ತೆ ತೇವ ತಡೆಯುವುದು ಬೇರೆ. ಕಾಗದದ ಅಂಚು ಒಳಗೆ ಹೋದದ್ದು ಕಣ್ಣ ಮುಂದೆ ಇತ್ತು.

"ಸರ್, ಆ ತೊಲಿ ಇಳಿಸಿ, ಕೊಯ್ದು ನೋಡೋಣ," ಅಂದೆ.

"ಪಾಸಾದ ತೊಲಿ ಕೊಯ್ಯೋದು ಯಾವ ಶಾಸ್ತ್ರ?"

"ನನಗ ಹೆದರಿಕಿ ಐತಿ ಸರ್."

"ಹೆದರಿಕಿಗೆ ಸಂಶೋಧನೆ ಅನ್ನಂಗಿಲ್ಲಮ್ಮ," ಅಂದರು. ಸಿಟ್ಟಿನಿಂದಲ್ಲ, ಬೇಸರದಿಂದ. ನನ್ನೊಳಗೆ ಮಾತಾಡುತ್ತಿರುವುದು ತಿಳಿವಳಿಕೆಯೋ ಬರಿಯ ಭಯವೋ ನನಗೇ ಗೊತ್ತಾಗುತ್ತಿರಲಿಲ್ಲ. ಮೇಸ್ತ್ರಿಯೂ ಮುಖ ಸಣ್ಣ ಮಾಡಿಕೊಂಡು, "ನಮ್ ಕೆಲಸದ ಮ್ಯಾಲೆ ಭರೋಸಾ ಇಲ್ಲೇನ್ರಿ ಮೇಡಂ?" ಎಂದ. ಭರೋಸಾ ಇದೆ, ಆದರೂ ಇಳಿಸಿ, ಅಂದೆ. ಪ್ರೊಫೆಸರು ಊಟಕ್ಕೂ ನಿಲ್ಲದೆ ಕಾರು ಹತ್ತಿದರು.

ಹೆಂಚು ಇಳಿಸಿ, ಆಸರೆಗೆ ಕಂಬ ಕೊಟ್ಟು, ತೊಲೆ ಕೆಳಗಿಳಿಸಿದರು. ಬಳ್ಳಾರಿಗೆ ತಂದು ಬ್ರೆಡ್ಡಿನ ಹಾಗೆ ತುಂಡು ತುಂಡು ಕೊಯ್ಯಿಸಿದೆ. ತುಂಡುಗಳನ್ನು ನೀರಿನಲ್ಲಿ ನೆನೆಸಿ, ಬಿಸಿಗೂಡಿನಲ್ಲಿ ಒಣಗಿಸಿದೆ. ತೆಗೆದು ನೋಡಿದಾಗ ಅರ್ಧಕ್ಕಿಂತ ಹೆಚ್ಚು ತುಂಡುಗಳಲ್ಲಿ ಒಂದೇ ಪದರ ಬಾಯಿ ಬಿಟ್ಟಿತ್ತು. ಬೆರಳಿನಿಂದ ಎಬ್ಬಿಸಿದರೆ ಹಲಗೆ ಬೇರೆಯಾಯಿತು. ಒಳಗೆ ಅಂಟು ಗಾಜಿನ ಹಾಗೆ ಹೊಳೆಯುತ್ತಿತ್ತು, ಎದುರಿನ ಹಲಗೆಯನ್ನು ಹಿಡಿದೇ ಇರಲಿಲ್ಲ. ತಗಡಿನ ಕೆಳಗಿನ ಆ ಕಾವಿಗೆ, ಹಲಗೆ ಕೂಡಿಸಿ ಒತ್ತುವಷ್ಟರಲ್ಲೇ ಅಂಟು ಕೆನೆಗಟ್ಟಿ ಒಣಗಿತ್ತು. ಉಳಿದ ತೊಲೆಗಳನ್ನೂ ಕೊರೆದು ಚೂರು ತೆಗೆದು ನೋಡಿದೆ. ಅವು ಬೆಳಗಿನ ತಂಪಿನಲ್ಲಿ ಅಂಟಿಸಿದವು, ಎಲ್ಲವೂ ಗಟ್ಟಿಯಾಗಿದ್ದವು. ನಡುಮಧ್ಯಾಹ್ನ ಅಂಟಿಸಿದ್ದು ಅದೊಂದೇ.

ನನಗೆ ಖುಷಿಯಾಗಬೇಕಿತ್ತು, ಆಗಲಿಲ್ಲ. ಪ್ರಯೋಗಶಾಲೆಯ ಮೇಜಿನ ಮುಂದೆ ಕೂತು ಬಾಯಿ ಬಿಟ್ಟ ತುಂಡುಗಳನ್ನು ಒಂದೊಂದಾಗಿ ಎಣಿಸಿದೆ. ಈ ತೊಲೆಯ ಕೆಳಗೇ ಮಕ್ಕಳು ಉಪ್ಪಿಟ್ಟು ತಿನ್ನುತ್ತಿದ್ದವಲ್ಲ. ಆ ತೊಲೆ ಆ ಮಳೆಗಾಲದಲ್ಲೇ ಬೀಳುತ್ತಿತ್ತೋ, ನನ್ನ ಆಯುಷ್ಯ ಮೀರಿ ನಿಲ್ಲುತ್ತಿತ್ತೋ, ಇವತ್ತಿಗೂ ಹೇಳಲಾರೆ.

ಪ್ರೊಫೆಸರಿಗೆ ತುಂಡುಗಳನ್ನು ಒಯ್ದು ತೋರಿಸಿದೆ. ಬಹಳ ಹೊತ್ತು ತಿರುಗಿಸಿ ನೋಡಿದರು. "ಲೇಖನ ನಿಲ್ಲಸೋಣ," ಅಂದರು. ಆಮೇಲೆ ನಮ್ಮ ನಡುವೆ ಮೊದಲಿನ ಸಲುಗೆ ಉಳಿಯಲಿಲ್ಲ, ಜಗಳವೂ ಆಗಲಿಲ್ಲ. ಬಿಸಿಲು ಸೀಮೆಯಲ್ಲಿ ಅಂಟು ಹೇಗೆ ನಡೆದುಕೊಳ್ಳುತ್ತದೆ ಎನ್ನುವುದೇ ಅಂದಿನಿಂದ ನನ್ನ ಕೆಲಸವಾಗಿದೆ. ಈಗ ನಾವು ತೊಲೆ ಅಂಟಿಸುವುದು ಚಳಿಗಾಲದಲ್ಲಿ ಮಾತ್ರ. ಪ್ರತಿ ತೊಲೆಯ ತುದಿಯನ್ನೂ ಕೊಯ್ದು, ನೆನೆಸಿ, ಒಣಗಿಸಿ ನೋಡದೆ ಹೊರಗೆ ಕಳಿಸುವುದಿಲ್ಲ. ವಿದ್ಯಾರ್ಥಿಗಳು ಇದು ಅತಿಯಾಯಿತು ಎಂದು ಗೊಣಗುತ್ತಾರೆ.

ನಡುವಿನ ತೊಲೆಯ ಜಾಗಕ್ಕೆ ಏನು ಹಾಕುವುದೆಂದು ಸಂಘದ ಹೆಂಗಸರನ್ನೇ ಕೇಳಿದೆ. "ಕಬ್ಬಿಣದ್ದು ಹಾಕ್ರಿ," ಅಂದರು, ಎಲ್ಲರೂ ಒಂದೇ ದನಿಯಲ್ಲಿ. ಹಾಕಿಸಿದೆ. ನೋಡಲು ಬಂದ ಹೊರಊರಿನ ತಜ್ಞರು, ಇದ್ಯಾಕೆ ನಡುವೆ ಒಂದು ಉಕ್ಕಿನ ತೊಲೆ ಎಂದು ಕೇಳುತ್ತಾರೆ. ನಡೆದದ್ದನ್ನು ಹೇಳುತ್ತೇನೆ.

ಕಳೆದ ನಾಟಿಯ ಸಮಯದಲ್ಲಿ ಹೋಗಿದ್ದೆ. ಕಾಲುವೆಗೆ ಬಿದ್ದಿದ್ದ ಹುಡುಗಿ ಈಗ ಶಾಲೆಗೆ ಹೋಗುತ್ತಾಳಂತೆ. ಅವಳ ತಾಯಿ ಎರಡನೆಯ ಕೂಸನ್ನು ಎತ್ತಿಕೊಂಡು ಪಡಸಾಲೆಗೆ ಬಂದಳು. ಆಸ್ಪತ್ರೆಯ ದಿನದಿಂದ ನನ್ನ ಜೊತೆ ಮಾತು ಬಿಟ್ಟವಳು. ಬಾಗಿಲಲ್ಲಿ ನಿಂತು ತೊಲೆಗಳನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಕೂಸನ್ನು ಚಾಪೆಯ ಮೇಲೆ ಕೂರಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಗದ್ದೆಗೆ ಹೋದಳು. ನಾನು ಮಧ್ಯಾಹ್ನದ ಬಸ್ಸಿಗೆ ಹೋಗಬೇಕಾದವಳು, ಅವಳು ಬಂದು ಕೂಸನ್ನು ಎತ್ತಿಕೊಳ್ಳುವವರೆಗೆ ಅಲ್ಲೇ ಕೂತಿದ್ದೆ.